ಕೋಟೆಗೆ ಏಣಿ: ಮುತ್ತಿಗೆಯ ಯುದ್ಧದಲ್ಲಿ ಗೋಡೆ ಹತ್ತುವ ವಿದ್ಯೆ

ಗೋಡೆಗೆ ಏಣಿ ಹಾಕಿ ಮೇಲೇರಿ ಒಳನುಗ್ಗುವುದು ಕೋಟೆ ಹಿಡಿಯುವ ಉಪಾಯಗಳಲ್ಲಿ ಬಹಳ ಹಳೆಯದು, ಬಹಳ ಅಗ್ಗದ್ದು. ಏರುವವನ ಪಾಲಿಗೆ ಮಾತ್ರ ಅದರಷ್ಟು ಅಪಾಯದ ಕೆಲಸ ಇನ್ನೊಂದಿರಲಿಲ್ಲ. ಬೇರೆ ದಾರಿಗಳೂ ಇದ್ದವು. ಅನ್ನ ನೀರು ತಡೆದು ತಿಂಗಳುಗಟ್ಟಲೆ ಕಾಯಬಹುದಿತ್ತು. ಗೋಡೆಯ ಬುಡಕ್ಕೆ ಸುರಂಗ ತೋಡಬಹುದಿತ್ತು, ಡೆಂಕಣಿಯಿಂದಲೋ ಫಿರಂಗಿಯಿಂದಲೋ ಗೋಡೆ ಕೆಡವಬಹುದಿತ್ತು, ಒಳಗಿನವರಿಗೆ ಹಣ ಕೊಟ್ಟು ಬಾಗಿಲು ತೆಗೆಸಬಹುದಿತ್ತು. ಇವಕ್ಕೆಲ್ಲ ಕಾಲ ಬೇಕು, ಬೊಕ್ಕಸ ಬೇಕು, ಎಳೆಯುವ ಎತ್ತುಗಳು ಬೇಕು. ಏಣಿಗೆ ಬೇಕಾದದ್ದು ಮರ, ಹಗ್ಗ, ಒಂದು ರಾತ್ರಿ. ಕೋಟೆಯವರ ನೆರವಿಗೆ ಹೊರಗಿನಿಂದ ದಂಡು ಬರುವ ಸುದ್ದಿ ಸಿಕ್ಕಾಗ, ದೊಡ್ಡ ತೋಪುಗಳನ್ನು ಬೆಟ್ಟದ ಬುಡಕ್ಕೆ ತರಲಾಗದಿದ್ದಾಗ, ಸೈನಿಕರ ಊಟವೇ ಮುಗಿಯುತ್ತ ಬಂದಾಗ ಸೇನಾಪತಿಗಳು ಏಣಿಯತ್ತ ನೋಡುತ್ತಿದ್ದರು.

ಏಣಿಯ ದೊಡ್ಡ ಕೊರತೆ ಅದರ ತುದಿಯಲ್ಲಿದೆ. ಕೆಳಗೆ ಸಾವಿರ ಜನ ನೆರೆದಿದ್ದರೂ ಮೇಲೆ ತಲೆ ಎತ್ತುವವನು ಒಬ್ಬನೇ. ಅವನ ಎರಡು ಕೈಗಳಲ್ಲಿ ಒಂದು ಏಣಿಯನ್ನು ಹಿಡಿದಿರುತ್ತದೆ, ಇನ್ನೊಂದು ಗುರಾಣಿಯನ್ನು. ಅವನೆದುರು ಇಬ್ಬರು ಮೂವರು ಗಟ್ಟಿ ನೆಲದ ಮೇಲೆ ಕಾಲೂರಿ ನಿಂತಿರುತ್ತಾರೆ. ಚಿತ್ರದುರ್ಗದ ಕಿಂಡಿಯಲ್ಲಿ ಓಬವ್ವ ಒಂದು ಒನಕೆಯಿಂದ ಹೈದರನ ಸೈನಿಕರನ್ನು ಒಬ್ಬೊಬ್ಬರಾಗಿ ಕೆಡವಿದಳೆಂದು ಜನ ಹೇಳುವ ಕಥೆಯ ಹಿಂದಿರುವ ಯುದ್ಧಸತ್ಯವೂ ಇದೇ. ಪಡೆ ಎಷ್ಟೇ ದೊಡ್ಡದಿರಲಿ, ಒಬ್ಬೊಬ್ಬರಾಗಿ ಬರಬೇಕಾದ ಕಡೆ ಅದರ ಬಲ ಒಬ್ಬನ ಬಲವಷ್ಟೆ. ಸೈನಿಕರನ್ನು ಇರುವೆಗಳ ಹಾಗೆ ಗೋಡೆಗೆ ಹತ್ತಿಸುವ ಸಹನೆಗೆಟ್ಟ ದಳಪತಿ ಮೂರರಲ್ಲೊಂದು ಪಾಲು ಜನರನ್ನು ಕಳೆದುಕೊಂಡರೂ ಊರನ್ನು ಗೆಲ್ಲಲಾರನೆಂದು ಚೀನಾದ ಸುನ್ ಜು ಎಚ್ಚರಿಸಿದ್ದ. ಹಾಗಿದ್ದೂ ಎರಡೂವರೆ ಸಾವಿರ ವರ್ಷ ಏಣಿಗಳು ಕೋಟೆಗಳನ್ನು ಗೆದ್ದಿವೆ. ಗೆದ್ದ ಕಡೆಗಳನ್ನೂ ಸೋತ ಕಡೆಗಳನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿದರೆ, ಗೋಡೆಯ ಎತ್ತರಕ್ಕಿಂತ ಗೋಡೆಯ ಮೇಲಿದ್ದ ಕಣ್ಣುಗಳು ಹೆಚ್ಚು ನಿರ್ಣಾಯಕವಾಗಿದ್ದವು ಎನ್ನದೆ ವಿಧಿಯಿಲ್ಲ. ಮೊದಲ ಸೈನಿಕ ಮೊದಲ ಮೆಟ್ಟಿಲ ಮೇಲೆ ಕಾಲಿಡುವ ಮುಂಚೆಯೇ ಲಗ್ಗೆಯ ಹಣೆಬರಹ ಬಹುಮಟ್ಟಿಗೆ ತೀರ್ಮಾನವಾಗಿರುತ್ತಿತ್ತು.

ಕೋಟೆಗೆ ಏಣಿ ಹಾಕಿದ ಚಿತ್ರಗಳು ಈಜಿಪ್ಟಿನ ಹಳೆಯ ರಾಜ್ಯದ ಕಾಲದಿಂದಲೇ ಸಿಗುತ್ತವೆ. ದೆಶಾಶೆಯ ಇಂತಿ ಎಂಬ ಅಧಿಕಾರಿಯ ಸಮಾಧಿಯಲ್ಲಿ ಮುತ್ತಿಗೆಯ ದೃಶ್ಯದೊಳಗೆ ಏಣಿಯಿದೆ. ಸಕ್ಕಾರಾದ ಇನ್ನೊಂದು ಸಮಾಧಿಯಲ್ಲಿ ಏಣಿಗೆ ಚಕ್ರಗಳೂ ಇವೆ. ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನ ಈ ಚಿತ್ರಗಾರ, ಏಣಿ ಜಾರದಂತೆ ಬುಡದಲ್ಲಿ ಸನ್ನೆಗೋಲು ಹಿಡಿದವರನ್ನೂ ಮರೆತಿಲ್ಲ. ಮುಂದೆ ಅಸ್ಸೀರಿಯಾದ ಅರಮನೆಗಳ ಉಬ್ಬುಶಿಲ್ಪಗಳಲ್ಲಿ ಗುರಾಣಿ ತಲೆಗೆ ಅಡ್ಡ ಹಿಡಿದು, ಈಟಿ ಚಾಚಿ ಏಣಿ ಹತ್ತುವ ಸೈನಿಕ ಮತ್ತೆ ಮತ್ತೆ ಕಾಣಿಸುತ್ತಾನೆ. ಅವನ ಹಿಂದೆ ಬಿಲ್ಲುಗಾರರು ಸಾಲಾಗಿ ನಿಂತಿರುತ್ತಾರೆ. ಈ ಜೋಡಿಯ ಮಹತ್ವ ಮುಂದೆ ತಿಳಿಯುತ್ತದೆ.

ಏಣಿಯ ಲಗ್ಗೆಯಲ್ಲಿ ಮೊದಲ ಪ್ರಶ್ನೆ ಅಳತೆಯದು. ಏಣಿ ಗಿಡ್ಡವಾದರೆ ಹತ್ತಿದವನು ಗೋಡೆಯ ತೆನೆಗೆ ಕೈಯೆಟುಕದೆ ನಡುವೆ ತೂಗಾಡುತ್ತಾನೆ. ಉದ್ದವಾಗಿ ತುದಿ ತೆನೆಯಿಂದ ಮೇಲೆ ಚಾಚಿಕೊಂಡರೆ ಒಳಗಿನವರು ಅದನ್ನು ಕವೆಗೋಲಿನಿಂದ ನೂಕಿ ಉರುಳಿಸುತ್ತಾರೆ. ಗ್ರೀಕ್ ಇತಿಹಾಸಕಾರ ಪೊಲಿಬಿಯಸ್ ಇದಕ್ಕೊಂದು ಲೆಕ್ಕ ಕೊಟ್ಟಿದ್ದಾನೆ: ಗೋಡೆ ಹತ್ತು ಅಳತೆಯಿದ್ದರೆ ಏಣಿ ಹನ್ನೆರಡು ಅಳತೆಯಿರಬೇಕು, ಏಣಿಯ ಉದ್ದದ ಅರ್ಧದಷ್ಟು ದೂರದಲ್ಲಿ ಅದರ ಬುಡ ಊರಬೇಕು. ಬುಡ ಇನ್ನೂ ದೂರ ಸರಿದರೆ ಹತ್ತುವವರ ಭಾರಕ್ಕೆ ಏಣಿ ಮುರಿಯುತ್ತದೆ, ಹತ್ತಿರವಾದರೆ ನೆಟ್ಟಗಾಗಿ ಹಿಂದಕ್ಕೆ ಬೀಳುತ್ತದೆ. ಲಂಬಕೋನ ತ್ರಿಭುಜದ ಲೆಕ್ಕ ಹಾಕಿ ನೋಡಿದರೆ ಏಣಿಯ ತುದಿ 10.4ರ ಹತ್ತಿರ ತಾಗುತ್ತದೆ, ಅಂದರೆ ಗೋಡೆಯ ನೆತ್ತಿಯಿಂದ ತುಸುವೇ ಮೇಲೆ. ಸೇನಾಪತಿಯಾಗುವವನಿಗೆ ರೇಖಾಗಣಿತ ತಿಳಿದಿರಬೇಕೆಂದು ಪೊಲಿಬಿಯಸ್ ಹಟ ಹಿಡಿದದ್ದು ಸುಮ್ಮನೆ ಅಲ್ಲ. ಕ್ರಿ.ಪೂ. 217ರಲ್ಲಿ ಮ್ಯಾಸಿಡೋನಿಯದ ಐದನೆಯ ಫಿಲಿಪ್ ಮೆಲಿಟಿಯಾ ಪಟ್ಟಣದ ಮೇಲೆ ಬಿದ್ದಾಗ ಊರಿನವರು ಬೆಚ್ಚಿಹೋಗಿದ್ದರು; ಗೋಡೆ ಕೈಗೆ ಬಂದಂತೆಯೇ ಇತ್ತು. ಆದರೆ ಅವನ ಏಣಿಗಳು ಗಿಡ್ಡವಾಗಿದ್ದವು. ಅಳತೆ ತೆಗೆಯದೆ ಸೈನಿಕರನ್ನು ಸಾವಿಗೆ ನೂಕಿದ ಆ ಅರಸನನ್ನು ಪೊಲಿಬಿಯಸ್ ಕ್ಷಮಿಸಲಿಲ್ಲ.

ಶತ್ರುವಿನ ಗೋಡೆಯನ್ನು ಅಳೆಯುವುದಾದರೂ ಹೇಗೆ? ಬಾಣಕ್ಕೆ ನೂಲು ಕಟ್ಟಿ ಗೋಡೆಯ ನೆತ್ತಿಗೆ ಹೊಡೆದು ನೂಲಿನ ಉದ್ದ ನೋಡುವುದು, ಗೋಡೆಯ ನೆರಳನ್ನು ಅಳೆದು ಗೊತ್ತಿರುವ ಕೋಲಿನ ನೆರಳಿನೊಡನೆ ಹೋಲಿಸುವುದು, ಹೀಗೆ ಎರಡು ದಾರಿಗಳನ್ನು ರೋಮಿನ ವೆಜಿಟಿಯಸ್ ಹೇಳುತ್ತಾನೆ. ಆದರೆ ಅಳತೆಯ ಬಗೆಗಿನ ಅತ್ಯುತ್ತಮ ಉದಾಹರಣೆ ಪ್ಲಾಟಿಯಾ ಎಂಬ ಗ್ರೀಕ್ ಪುಟ್ಟ ಪಟ್ಟಣದ್ದು. ಅಲ್ಲಿ ಏಣಿ ಹಾಕಿದವರು ಒಳಗಿದ್ದವರು. ಸ್ಪಾರ್ಟಾದ ಪಡೆ ಊರಿನ ಸುತ್ತ 16 ಅಡಿ ಅಂತರದಲ್ಲಿ ಜೋಡಿಗೋಡೆ ಕಟ್ಟಿ, ನಡುವೆ ಕಾವಲಿನವರಿಗೆ ವಸತಿ ಮಾಡಿ, ಊರನ್ನು ಹಸಿವಿಗೆ ಕೆಡವಿತ್ತು. ಕ್ರಿ.ಪೂ. 428–427ರ ಚಳಿಗಾಲದಲ್ಲಿ ಒಳಗಿನ ಕೆಲವರು ಆ ಗೋಡೆಯನ್ನು ಹಾರಿ ಪಾರಾಗಲು ನಿಶ್ಚಯಿಸಿದರು. ಗಾರೆ ಬಳಿಯದೆ ಬಿಟ್ಟಿದ್ದ ಒಂದು ಕಡೆ ಇಟ್ಟಿಗೆಯ ವರಸೆಗಳು ದೂರದಿಂದ ಕಾಣುತ್ತಿದ್ದವು. ಹಲವರು ಒಟ್ಟಿಗೆ, ಮತ್ತೆ ಮತ್ತೆ, ಆ ವರಸೆಗಳನ್ನು ಎಣಿಸಿದರು. ಕೆಲವರು ತಪ್ಪಿದರೂ ಹೆಚ್ಚಿನವರ ಎಣಿಕೆ ಸರಿಯಾದೀತೆಂಬುದು ಅವರ ನಂಬಿಕೆ. ಒಂದು ಇಟ್ಟಿಗೆಯ ದಪ್ಪದಿಂದ ಗುಣಿಸಿ ಏಣಿಯ ಉದ್ದ ಕಂಡುಕೊಂಡರು. ಗಾಳಿ ಮಳೆ ಸುರಿವ ಕತ್ತಲ ರಾತ್ರಿಯನ್ನು ಆಯ್ದರು; ಅಂಥ ರಾತ್ರಿಗಳಲ್ಲಿ ಕಾವಲಿನವರು ಬಯಲ ಗೋಡೆ ಬಿಟ್ಟು ಬುರುಜುಗಳೊಳಗೆ ಸೇರಿಕೊಳ್ಳುವುದನ್ನು ಗಮನಿಸಿದ್ದರು. ಆಯುಧ ಆಯುಧಕ್ಕೆ ತಾಗಿ ಸದ್ದಾಗದಂತೆ ದೂರ ದೂರ ನಡೆದರು. ಕೆಸರಿನಲ್ಲಿ ಜಾರದಿರಲು ಎಡಗಾಲಿಗೆ ಮಾತ್ರ ಪಾದರಕ್ಷೆ ತೊಟ್ಟಿದ್ದರು. ಹತ್ತುವಾಗ ಒಬ್ಬನ ಕೈತಾಗಿ ಹೆಂಚೊಂದು ಬಿದ್ದು ಸದ್ದಾಯಿತು, ಶತ್ರುಗಳು ಎದ್ದರು. ಆದರೆ ಕತ್ತಲೆಯಲ್ಲಿ ಏನೆಂದು ತಿಳಿಯದೆ ನಿಂತಲ್ಲೇ ನಿಂತರು. 212 ಜನ ಅಥೆನ್ಸ್ ಸೇರಿದರು. ಸಿಕ್ಕಿಬಿದ್ದವನು ಬಿಲ್ಲುಗಾರನೊಬ್ಬ. ಅಳತೆ, ಹವೆ, ಕಾವಲಿನ ಅಭ್ಯಾಸ, ಸದ್ದು, ಕಾಲಡಿಯ ನೆಲ ಇವೆಲ್ಲವನ್ನೂ ಇಷ್ಟು ಸಮಗ್ರವಾಗಿ ಯೋಚಿಸಿದ ಏಣಿಯ ಕಾರ್ಯಾಚರಣೆ ಇತಿಹಾಸದಲ್ಲಿ ಅಪರೂಪ. ಇತಿಹಾಸಕಾರ ಥುಸಿಡಿಡೀಸ್ ಅದನ್ನು ಇಂಚಿಂಚೂ ಬಿಡದೆ ದಾಖಲಿಸಿದ್ದು ನಮ್ಮೆಲ್ಲರ ಭಾಗ್ಯ.

ಮರದ ಏಣಿ ಭಾರ; ಅದನ್ನು ಮೈಲಿಗಟ್ಟಲೆ ಹೊತ್ತು ತರಬೇಕು, ಮೊದಲು ಮರವೇ ಸಿಗಬೇಕು. 1099ರ ಜೂನಿನಲ್ಲಿ ಜೆರುಸಲೇಮಿನ ಮೊದಲ ಲಗ್ಗೆ ಹತ್ತುವಾಗ ಕ್ರೈಸ್ತ ಧರ್ಮಯೋಧರ ಬಳಿ ಇದ್ದದ್ದು ಒಂದೇ ಏಣಿ, ಏಕೆಂದರೆ ಊರ ಸುತ್ತ ಮರವಿರಲಿಲ್ಲ. ಲಗ್ಗೆ ಸೋತಿತು. 1815ರ ಜನವರಿ 8ರಂದು ನ್ಯೂ ಆರ್ಲಿಯನ್ಸ್‌ನಲ್ಲಿ ಬ್ರಿಟಿಷರ 44ನೇ ರೆಜಿಮೆಂಟು ತಾನು ಹೊರಬೇಕಾಗಿದ್ದ ಏಣಿಗಳನ್ನೂ ಕಂದಕಕ್ಕೆ ತುಂಬುವ ಸೌದೆಕಟ್ಟುಗಳನ್ನೂ ಬಿಟ್ಟು ಮುಂದೆ ಹೋಗಿತ್ತು. ಉಳಿದವರು ಅಮೆರಿಕನ್ನರ ಮಣ್ಣಿನ ಗೋಡೆಯ ಮುಂದೆ ಬರಿಗೈಯಲ್ಲಿ ನಿಂತು ಗುಂಡಿಗೆ ಬಲಿಯಾದರು.

ಈ ಭಾರವನ್ನು ತಗ್ಗಿಸಲು ಹುಟ್ಟಿದ್ದು ನೂಲೇಣಿ. 1312ರ ಡಿಸೆಂಬರಿನಲ್ಲಿ ಸ್ಕಾಟ್ಲೆಂಡಿನ ರಾಬರ್ಟ್ ಬ್ರೂಸ್ ಬೆರ್‍ವಿಕ್ ಪಟ್ಟಣದ ಮೇಲೆ ರಾತ್ರಿ ಬಿದ್ದಾಗ ತಂದ ಏಣಿಗಳನ್ನು ಲ್ಯಾನರ್‌ಕಾಸ್ಟ್ ಮಠದ ಚರಿತ್ರೆ ಬೆರಗಿನಿಂದ ವರ್ಣಿಸುತ್ತದೆ. ಎರಡು ಗಟ್ಟಿ ಹಗ್ಗಗಳು, ನಡುವೆ ಎರಡೂವರೆ ಅಡಿಯ ಹಲಗೆಯ ಮೆಟ್ಟಿಲುಗಳು. ಹಗ್ಗ ಗೋಡೆಗೆ ಅಂಟಿ ಕಾಲಿಡಲು ಜಾಗವಿಲ್ಲದಂತೆ ಆಗಬಾರದೆಂದು ಮೂರು ಮೆಟ್ಟಿಲಿಗೊಂದು ಗೋಡೆಯತ್ತ ಚಾಚಿದ ಆಧಾರ. ತುದಿಯಲ್ಲಿ ಕಬ್ಬಿಣದ ಕೊಕ್ಕೆ. ಕೊಕ್ಕೆಯಲ್ಲೊಂದು ತೂತು, ಅದಕ್ಕೆ ಉದ್ದನೆಯ ಈಟಿಯ ತುದಿ ಸಿಕ್ಕಿಸಿ ಏಣಿಯನ್ನೆತ್ತಿ ಗೋಡೆಯ ನೆತ್ತಿಗೆ ತಗುಲಿಸುವುದು. ಇಷ್ಟು ಚೆಂದದ ಸಾಧನ ಸಿದ್ಧವಾಗಿ, ಎರಡು ಏಣಿಗಳು ಗೋಡೆಗೆ ಏರಿದ್ದಾಗ ಊರಿನ ನಾಯಿಯೊಂದು ಬೊಗಳಿತು. ಕಾವಲಿನವರು ಎದ್ದರು, ಸ್ಕಾಟರು ಏಣಿ ಬಿಟ್ಟು ಓಡಿದರು. ಕೆಲವೇ ವಾರಗಳ ಬಳಿಕ, 1313ರ ಜನವರಿಯಲ್ಲಿ, ಪರ್ತ್ ಪಟ್ಟಣದ ಹಿಮದಂಥ ಕಂದಕದಲ್ಲಿ ಕತ್ತುಮಟ್ಟದ ನೀರಿಗೆ ಬ್ರೂಸ್ ತಾನೇ ಏಣಿ ಹಿಡಿದು ಇಳಿದು ಗೆದ್ದ. ಮುಂದಿನ ವರ್ಷದ ಮಾರ್ಚಿನಲ್ಲಿ ಅವನ ಕಡೆಯ ಥಾಮಸ್ ರಾಂಡೋಲ್ಫ್ 30 ಜನರೊಡನೆ ಎಡಿನ್‌ಬರೋ ಕೋಟೆಯ ಬಂಡೆ ಏರಿದಾಗ ಅವರ ಏಣಿ ಬರೀ 12 ಅಡಿ. ಉಳಿದ ಎತ್ತರವನ್ನು ಬಂಡೆಯ ಕಾಲುದಾರಿ ಬಲ್ಲ ವಿಲಿಯಂ ಫ್ರಾನ್ಸಿಸ್ ಎಂಬುವನು ತೋರಿಸಿಕೊಟ್ಟ. ಯೌವನದಲ್ಲಿ ಕೋಟೆಯಲ್ಲಿದ್ದಾಗ ಊರಿನ ಹುಡುಗಿಯನ್ನು ಕಾಣಲು ರಾತ್ರಿ ಅದೇ ದಾರಿಯಲ್ಲಿ ಇಳಿದು ಹತ್ತುತ್ತಿದ್ದನಂತೆ.

ಚೀನಾದಲ್ಲಿ ಏಣಿ ಬೇರೊಂದು ದಿಕ್ಕಿನಲ್ಲಿ ಬೆಳೆಯಿತು. ಅಲ್ಲಿನ ‘ಮೋಡದ ಏಣಿ’ ಚಕ್ರದ ಗಾಡಿಯ ಮೇಲೆ ಕೂರಿಸಿದ ಮಡಿಸುವ ಏಣಿ. 1044ರ ಸೈನ್ಯಶಾಸ್ತ್ರ ಗ್ರಂಥ ವುಜಿಂಗ್ ಜೊಂಗ್ಯಾವೊದಲ್ಲಿ ಅದರ ಚಿತ್ರವಿದೆ. ಅದನ್ನು ಕಂಡುಹಿಡಿದ ಖ್ಯಾತಿ ಗೊಂಗ್‌ಶು ಬಾನ್ ಎಂಬ ಕುಶಲಕರ್ಮಿಗೆ ಸಲ್ಲುತ್ತದೆ. ಏಣಿಯ ದಾಳಿಯನ್ನು ತಡೆಯುವ ಬಗೆಗೆ ದಾರ್ಶನಿಕ ಮೋಜಿಯ ಗ್ರಂಥದಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆ. ಕ್ರಿ.ಶ. 228–229ರ ಚಳಿಗಾಲದಲ್ಲಿ ಜುಗೆ ಲಿಯಾಂಗ್‌ನಂಥ ಮೇಧಾವಿ ಸೇನಾಪತಿ ಚೆನ್‌ಚಾಂಗ್ ಕೋಟೆಗೆ ಮೋಡದ ಏಣಿಗಳನ್ನು ತಂದಾಗ ಕಾವಲಿನ ಹಾವ್ ಜಾವ್ ಬೆಂಕಿಬಾಣ ಬಿಟ್ಟು ಏಣಿಗಳನ್ನೂ ಮೇಲಿದ್ದವರನ್ನೂ ಸುಟ್ಟ. ಯಂತ್ರ ದೊಡ್ಡದಾದಷ್ಟೂ ಗುರಿಯೂ ದೊಡ್ಡದಾಗುತ್ತದೆ.

ಒಳಗಿನವರ ಉಪಾಯಗಳನ್ನು ಬಿಡಿಸಿ ಹೇಳಬೇಕಾದ್ದಿಲ್ಲ. ಕಲ್ಲು, ಕುದಿಯುವ ನೀರು, ಕಾದ ಮರಳು, ಬೆಂಕಿ, ಕವೆಗೋಲು ಎಲ್ಲ ದೇಶಗಳಲ್ಲೂ ಇದ್ದವು. ಏಣಿ ನೂಕಿ ಬೀಳಿಸುವುದು ಚಿತ್ರಗಳಲ್ಲಿ ಕಾಣುವಷ್ಟು ಸುಲಭವಿರಲಿಲ್ಲ; ನಾಲ್ಕೈದು ಜನ ಏರಿದ ಮೇಲೆ ಅದರ ಭಾರವನ್ನು ಗೋಡೆಯ ಮೇಲಿಂದ ಎತ್ತುವುದು ಕಷ್ಟ. ಏಣಿಗೆ ಹೆಚ್ಚು ಕೇಡು ಮಾಡಿದ್ದು ಹತ್ತುವವರದೇ ನೂಕುನುಗ್ಗಲು. ಕ್ರಿ.ಪೂ. 326–325ರ ಚಳಿಗಾಲದಲ್ಲಿ ಪಂಜಾಬಿನ ಮಲ್ಲರ ಕೋಟೆಯ ಮುಂದೆ, ಏಣಿ ತರುವವರು ತಡಮಾಡಿದರೆಂದು ಸಿಟ್ಟಾದ ಅಲೆಕ್ಸಾಂಡರ್ ಒಂದು ಏಣಿಯನ್ನು ಕಸಿದು ತಾನೇ ಹತ್ತಿದ. ಪ್ಯೂಸೆಸ್ಟಸ್, ಲಿಯೊನೇಟಸ್, ಅಬ್ರಿಯಸ್ ಹಿಂದೆಯೇ ಏರಿದರು. ಅರಸನಿಗೆ ಏನಾದೀತೋ ಎಂದು ಗಾಬರಿಯಾದ ಅಂಗರಕ್ಷಕರು ಒಮ್ಮೆಲೇ ಏಣಿಗಳಿಗೆ ಮುಗಿಬಿದ್ದರು. ಏಣಿಗಳು ಮುರಿದವು. ಮೇಲೆ ಉಳಿದ ಅಲೆಕ್ಸಾಂಡರ್ ಒಳಕ್ಕೆ ಧುಮುಕಿ ಎದೆಗೆ ಬಾಣ ತಿಂದ, ಅಬ್ರಿಯಸ್ ಸತ್ತ. ಅರಸನಂತೂ ಬದುಕಿದ; ಅರಸ ಸತ್ತನೆಂದೇ ತಿಳಿದ ಸೈನ್ಯ ಒಳನುಗ್ಗಿ ಹೆಂಗಸರು ಮಕ್ಕಳೆನ್ನದೆ ಕೊಂದಿತು. ಏಣಿಗಳು ಮುರಿದುದರ ಬೆಲೆಯನ್ನು ತೆತ್ತವರು ಮಲ್ಲರ ಊರಿನವರು.

ಕದ್ದು ಏರುವ ಲಗ್ಗೆಯ ಮೇಲ್ಪಂಕ್ತಿಯೆಂದು ಎಣಿಸಬಹುದಾದದ್ದು ಗ್ವಾಲಿಯರ್. ಬಯಲಿನಿಂದ ಒಂಟಿಯಾಗಿ ಎದ್ದ ಬಂಡೆಯ ಮೇಲಿನ ಆ ಕೋಟೆ 1780ರಲ್ಲಿ ಮರಾಠರ ಕೈಯಲ್ಲಿತ್ತು. ಈಸ್ಟ್ ಇಂಡಿಯಾ ಕಂಪನಿಯ ಕ್ಯಾಪ್ಟನ್ ಪಾಪ್ಹಮ್ ಬಳಿ ಗೋಡೆ ಒಡೆಯುವ ತೋಪುಗಳಿರಲಿಲ್ಲ. ಅಷ್ಟು ಸಣ್ಣ ಪಡೆಯಿಂದ ಗ್ವಾಲಿಯರ್ ಹಿಡಿಯುವ ಮಾತು ಹುಚ್ಚೆಂದು ಸೇನಾಧಿಪತಿ ಐರ್ ಕೂಟನ ಎಣಿಕೆ. ಆದರೆ ಗೋಹದ ರಾಣನ ಕಡೆಯವರ ಮೂಲಕ, ಕೋಟೆಯೊಳಕ್ಕೆ ಕದ್ದು ಹೋಗಿಬರುತ್ತಿದ್ದ ಕಳ್ಳರ ದಾರಿ ಪಾಪ್ಹಮ್‌ಗೆ ತಿಳಿಯಿತು. ಕಾವಲಿನವರು ಒಂದು ಸುತ್ತು ಹಾಕಿ ಮಲಗಿಬಿಡುತ್ತಾರೆಂಬ ಸುದ್ದಿಯೂ ಬಂತು. ಮರದ ಏಣಿಗಳನ್ನೂ ನೂಲೇಣಿಗಳನ್ನೂ ಗುಟ್ಟಾಗಿ ಮಾಡಿಸಿದರು. ಸಿಪಾಯಿಗಳ ಹೆಜ್ಜೆಯ ಸದ್ದು ಕೇಳದಂತೆ ಉಣ್ಣೆಬಟ್ಟೆಯೊಳಗೆ ಹತ್ತಿ ತುಂಬಿ ಪಾದರಕ್ಷೆ ಹೊಲಿಸಿದರು. ಆಗಸ್ಟ್ 3ರ ರಾತ್ರಿ ಹೊರಟು ಬೆಳಕು ಹರಿಯುವ ಹೊತ್ತಿಗೆ ಬಂಡೆಯ ಬುಡ ಸೇರಿದರು. ಮೊದಲು ಸುಮಾರು 16 ಅಡಿಯ ಕಡಿದಾದ ಬಂಡೆ, ಅದಕ್ಕೆ ಮರದ ಏಣಿ. ಮುಂದೆ 40 ಗಜದಷ್ಟು ಜಾರುವ ಏರು, ತೆವಳಿಕೊಂಡು ಹತ್ತಬೇಕು. ಕೊನೆಗೆ 30 ಅಡಿಯ ಗೋಡೆ. ದಾರಿ ಬಲ್ಲವರು ಅದನ್ನು ಮೊದಲು ಏರಿ ನೂಲೇಣಿಗಳನ್ನು ಬಿಗಿದು ಇಳಿಬಿಟ್ಟರು. ಕ್ಯಾಪ್ಟನ್ ಬ್ರೂಸ್ ಸುಮಾರು 20 ಸಿಪಾಯಿಗಳೊಡನೆ ಮೇಲೆ ಹೋಗಿ ತೆನೆಯ ಮರೆಯಲ್ಲಿ ಕೂತ. ಅಷ್ಟರಲ್ಲಿ ಕೆಲವು ಸಿಪಾಯಿಗಳು ಹತ್ತಿರ ಮಲಗಿದ್ದವರ ಮೇಲೆ ಗುಂಡು ಹಾರಿಸಿದ್ದರಿಂದ ಎಲ್ಲವೂ ಕೆಡುವುದರಲ್ಲಿತ್ತು. ಆದರೆ ಬಂದವರೆಷ್ಟು ಜನ ಎಂದು ಕೋಟೆಯವರಿಗೆ ತಿಳಿಯುವ ಮುನ್ನ ಏಣಿಗಳ ಮೇಲೆ ಜನ ಬರುತ್ತಲೇ ಇದ್ದರು. ಸೂರ್ಯ ಏರುವಷ್ಟರಲ್ಲಿ ಕೋಟೆ ಕೈವಶವಾಗಿತ್ತು. ಈ ಗೆಲುವಿನ ಕೀರ್ತಿ ಪಾಪ್ಹಮ್ ಮತ್ತು ಬ್ರೂಸ್ ಅವರ ಪಾಲಿಗೆ ಹೋಯಿತು. ಕೋವಿ ಹೊತ್ತು ಮೊದಲು ತೂಗುವ ಹಗ್ಗವನ್ನು ಹತ್ತಿದ ಸಿಪಾಯಿಗಳ ಹೆಸರುಗಳು ಪುಸ್ತಕಗಳಲ್ಲಿ ಕಾಣುವುದಿಲ್ಲ. ಅದು ದುಃಖದ ಸಂಗತಿ.

1670ರ ಫೆಬ್ರವರಿಯಲ್ಲಿ ಮರಾಠಾ ಸೇನಾನಿ ತಾನಾಜಿ ಮಾಲುಸರೆ ಸಿಂಹಗಡವನ್ನು ರಾತ್ರಿಯಲ್ಲಿ ಹತ್ತಿದ್ದೂ ಇದೇ ಬಗೆಯದು. ಸಾಕಿದ ಉಡಕ್ಕೆ ಹಗ್ಗ ಕಟ್ಟಿ ಬಂಡೆಗೆ ಹತ್ತಿಸಿದರೆಂಬ ಕಥೆ ಲಾವಣಿಯಲ್ಲಿ ಚೆಂದ. ಆದರೆ ಆಳಿನ ಭಾರವನ್ನು ಉಡ ತಡೆಯಲಾರದು. ಗ್ವಾಲಿಯರಿನಂತೆ ಅಲ್ಲಿಯೂ ಒಬ್ಬಿಬ್ಬರು ಬರಿಗೈಯಲ್ಲಿ ಹತ್ತಿ ಏಣಿ ಬಿಗಿದಿರಬೇಕೆಂಬುದೇ ಒಪ್ಪುವ ಮಾತು. ಕದ್ದು ಏರುವುದು ಕೈಕೊಟ್ಟ ಉದಾಹರಣೆಗೆ ಜಿನೀವಾ ಸಾಕು. 1602ರ ಡಿಸೆಂಬರಿನ ರಾತ್ರಿ ಸವಾಯ್ ಡ್ಯೂಕನ ಸೈನಿಕರು ಕಪ್ಪು ಬಳಿದ, ಬಿಡಿಬಿಡಿಯಾಗಿ ಜೋಡಿಸುವ ಏಣಿಗಳಿಂದ ಊರೊಳಗೆ ಇಳಿದೂ ಇದ್ದರು. ಒಬ್ಬ ಕಾವಲುಗಾರ ಸಮಯಕ್ಕೆ ಬಾಗಿಲಿನ ಜಾರುಕದವನ್ನು ಬೀಳಿಸಿದ, ತೋಪಿನ ಗುಂಡು ಏಣಿಗಳನ್ನು ಮುರಿಯಿತು, ಒಳಗಿದ್ದವರು ಸಿಕ್ಕಿಬಿದ್ದರು. ಆ ರಾತ್ರಿ ಸತ್ತ ತಮ್ಮ 18 ಜನರನ್ನು ಜಿನೀವಾದವರು ಇಂದಿಗೂ ಪ್ರತಿ ಡಿಸೆಂಬರಿನಲ್ಲಿ ನೆನೆಯುತ್ತಾರೆ.

ಹಗಲಿನಲ್ಲಿ, ಕಣ್ಣೆದುರೇ ಏಣಿ ಹಾಕಬೇಕಾದರೆ ಗೋಡೆಯ ಮೇಲಿನವರು ತಲೆ ಎತ್ತದಂತೆ ಮಾಡಬೇಕು. ಅಸ್ಸೀರಿಯಾದ ಶಿಲ್ಪಗಳಲ್ಲಿ ಬಿಲ್ಲುಗಾರರು ನಿಂತಿರುವುದು ಇದಕ್ಕಾಗಿ. 1520ರಲ್ಲಿ ಕೃಷ್ಣದೇವರಾಯ ರಾಯಚೂರನ್ನು ಮುತ್ತಿದಾಗ ನಡೆದದ್ದು ಏಣಿಯ ಲಗ್ಗೆಯಲ್ಲ, ಆದರೆ ತತ್ವ ಅದೇ. ವಿಜಯನಗರದ ಸೈನಿಕರು ಗುದ್ದಲಿ ಹಾರೆಗಳಿಂದ ಗೋಡೆಯ ಕಲ್ಲು ಕೀಳುತ್ತಿದ್ದರು. ಕಿತ್ತ ಕಲ್ಲಿನ ಗಾತ್ರಕ್ಕೆ ತಕ್ಕಂತೆ ನಾಯಕರು ಹಣ ಕೊಡುತ್ತಿದ್ದರೆಂದು ಪೋರ್ಚುಗೀಸ್ ಬರಹಗಾರ ನೂನಿಜ್ ಬರೆದಿದ್ದಾನೆ. ಮೇಲಿಂದ ಬೀಳುವ ಕಲ್ಲು ಬಾಣಗಳಿಂದ ಬುಡದಲ್ಲಿ ಸಾವು ತಪ್ಪುತ್ತಿರಲಿಲ್ಲ. ಪೋರ್ಚುಗೀಸ್ ಕ್ರಿಸ್ಟೊವಾವ್ ದ ಫಿಗೆರೆದೊ ತನ್ನ ಕೋವಿಗಾರರೊಡನೆ ಬಂದು, ತೆನೆಯ ಮೇಲೆ ಕಾಣಿಸಿಕೊಂಡವರನ್ನೆಲ್ಲ ಹೊಡೆಯತೊಡಗಿದ ಮೇಲೆ ಗೋಡೆಯ ಬುಡ ಸುರಕ್ಷಿತವಾಯಿತು. ಕೋಟೆಯ ಅಧಿಕಾರಿ ಬಗ್ಗಿ ನೋಡಹೋಗಿ ಹಣೆಗೆ ಗುಂಡು ತಗುಲಿ ಬಿದ್ದ. ಊರು ಶರಣಾಯಿತು.

ಮೈಸೂರು ಸೀಮೆಯ ಗಿರಿದುರ್ಗಗಳು 1791ರಲ್ಲಿ ಲಗ್ಗೆಯ ಸೋಲು ಗೆಲುವು ಎರಡನ್ನೂ ಕಂಡವು. ನವೆಂಬರಿನಲ್ಲಿ ಕೃಷ್ಣಗಿರಿಯ ಕೆಳಕೋಟೆ ಸಿಕ್ಕಿದರೂ ಮೇಲಿನ ಕೋಟೆಯಿಂದ ಟಿಪ್ಪುವಿನ ಸೈನಿಕರು ಉರುಳಿಸಿದ ಬಂಡೆಗಳಿಗೆ ಬ್ರಿಟಿಷರ ಮ್ಯಾಕ್ಸ್‌ವೆಲ್‌ನ ಪಡೆ ನಿಲ್ಲಲಾರದೆ ಹಿಂದೆಗೆಯಿತು. ಡಿಸೆಂಬರ್ 24ರಂದು ಕುಣಿಗಲ್ ಬಳಿಯ ಹುತ್ರಿದುರ್ಗದಲ್ಲಿ ಕೆಳಗಿನ ಗೋಡೆಗೆ ಏಣಿ ಹಾಕಿ ಹತ್ತಿದವರು, ಓಡುವವರಿಗೆ ಉಸಿರಾಡಲು ಬಿಡದೆ ಬೆನ್ನಟ್ಟಿ ನೆತ್ತಿಯವರೆಗೂ ಹೋದರು. ಮೂರು ದಿನ ಹಿಂದೆ ಸಾವನದುರ್ಗ ಬಿದ್ದ ಸುದ್ದಿ ಒಳಗಿನವರ ಕೈಕಾಲು ತಣ್ಣಗಾಗಿಸಿತ್ತೆಂಬುದನ್ನೂ ಮರೆಯಬಾರದು.

1803ರ ಆಗಸ್ಟ್ 8ರಂದು ಅಹಮದ್‌ನಗರದ ಪೇಟೆಗೆ ಆರ್ಥರ್ ವೆಲ್ಲೆಸ್ಲಿ ಹಗಲಿನಲ್ಲೇ ಏಣಿ ಹಾಕಿಸಿದಾಗ ಹೊಸದೊಂದು ತೊಡಕು ಕಾಣಿಸಿತು. ಪೇಟೆಯ ಗೋಡೆಗೆ ಒಳಮಗ್ಗುಲಲ್ಲಿ ನಡೆದಾಡುವ ಜಗಲಿಯೇ ಇರಲಿಲ್ಲ. ಹತ್ತಿದ 78ನೇ ರೆಜಿಮೆಂಟಿನವರು ನಿಲ್ಲಲು ನೆಲೆಯಿಲ್ಲದೆ ಗೋಡೆಯ ನೆತ್ತಿಯಲ್ಲೇ ಕತ್ತಿಗೆ ಸಿಕ್ಕಿದರು. ಮತ್ತೊಂದು ತುಕಡಿ ನಿಲ್ಲಲು ಜಾಗವಿದ್ದ ಬುರುಜಿಗೆ ಏಣಿ ಹಾಕಿ ಒಳಸೇರಿ ಬಾಗಿಲು ತೆಗೆಯಿತು. ಅದೇ ವರ್ಷದ ಡಿಸೆಂಬರ್ 15ರಂದು ಗಾವಿಲಗಡದಲ್ಲಿ, ತೋಪಿನಿಂದ ಒಡೆದ ಹೊರಕೋಟೆ ದಾಟಿದವರು ಒಳಕೋಟೆಯ ಬಾಗಿಲ ಮುಂದೆ ಸಿಕ್ಕಿಕೊಂಡಾಗ, 94ನೇ ರೆಜಿಮೆಂಟಿನ ಕ್ಯಾಪ್ಟನ್ ಕ್ಯಾಂಬೆಲ್ ಪಕ್ಕದ ಕಡಿದಾದ ಇಳಿಜಾರಿನಲ್ಲಿ ಏಣಿ ಒಯ್ದು ಗೋಡೆ ಹತ್ತಿ ಒಳಗಿನಿಂದ ಬಾಗಿಲು ತೆರೆದ. ಏಣಿ ಹತ್ತಿದವರು ಇಡೀ ಕೋಟೆಯನ್ನು ಗೆಲ್ಲಬೇಕಾಗಿಲ್ಲ, ಬಾಗಿಲು ತೆಗೆದರೆ ಸಾಕು ಎಂಬುದು ಈ ಎರಡೂ ಕಡೆ ಕಂಡ ಪಾಠ.

ವೆಲ್ಲೆಸ್ಲಿ ವೆಲಿಂಗ್ಟನ್ ಆದ ಮೇಲೆ, 1812ರ ಏಪ್ರಿಲ್ 6ರ ರಾತ್ರಿ ಸ್ಪೇನಿನ ಬದಾಹೋಸ್‌ನಲ್ಲಿ ಏಣಿ ಎಲ್ಲರ ಲೆಕ್ಕಾಚಾರವನ್ನೂ ಮೀರಿತು. ಮುಖ್ಯ ದಾಳಿ ತೋಪಿನಿಂದ ಒಡೆದ ಒಡಕುಗಳ ಮೇಲೆ. ಫ್ರೆಂಚರು ಅಲ್ಲಿ ತೊಲೆಗಳಿಗೆ ಕತ್ತಿಯ ಅಲಗು ನೆಟ್ಟು, ಮೊಳೆ ಹೊಡೆದ ಹಲಗೆ ಹಾಸಿ, ತಮ್ಮ ಆಯ್ದ ಜನರನ್ನು ನಿಲ್ಲಿಸಿದ್ದರು. ಎರಡು ಡಿವಿಷನ್ನುಗಳು ಮತ್ತೆ ಮತ್ತೆ ನುಗ್ಗಿ ಕಂದಕ ಹೆಣಗಳಿಂದ ತುಂಬಿತೇ ಹೊರತು ಒಬ್ಬನೂ ದಾಟಲಿಲ್ಲ. ಕಾವಲು ಹೀಗೆ ಒಂದೆಡೆ ನೆರೆದಿದ್ದರಿಂದ, ಊರಿನ ಇನ್ನೊಂದು ಬದಿಯಲ್ಲಿ ಗಮನ ಬೇರೆಡೆ ಸೆಳೆಯಲೆಂದೇ ಕಳಿಸಿದ್ದ ಏಣಿಯ ತುಕಡಿಗಳಿಗೆ ಅವಕಾಶ ಸಿಕ್ಕಿತು. ಪಿಕ್ಟನ್‌ನ ಜನ ದುರ್ಗದ ಎತ್ತರದ ಗೋಡೆಗೆ ಹಾಕಿದ ಏಣಿಗಳು ಮೊದಲು ನುಚ್ಚುನೂರಾದವು. ಬಳಿಕ ಕರ್ನಲ್ ರಿಜ್ ಗೋಡೆ ತಗ್ಗಾಗಿದ್ದ ಒಂದು ಜಾಗ ಕಂಡು ಏಣಿ ಊರಿ ಒಳಹೊಕ್ಕ. ಆ ರಾತ್ರಿಯೇ ಅವನೂ ಸತ್ತ. ಸ್ಯಾನ್ ವಿಸೆಂಟೆ ಬುರುಜನ್ನು ಲೀತ್‌ನ ಜನ ಏಣಿಯಿಂದಲೇ ಗೆದ್ದು ಒಡಕು ಕಾಯುತ್ತಿದ್ದವರ ಬೆನ್ನಿಗೆ ಬಂದರು. ಬೆಳಗ್ಗೆ ಫ್ರೆಂಚ್ ಅಧಿಕಾರಿ ಫಿಲಿಪ್ಪೊನ್ ಶರಣಾದ. ಆಮೇಲೆ ಗೆದ್ದ ಸೈನಿಕರು ಊರಿನ ಜನರ ಮೇಲೆ ದಿನಗಟ್ಟಲೆ ನಡೆಸಿದ ಕೊಲೆ ಸುಲಿಗೆ ಅತ್ಯಾಚಾರಗಳು ಬ್ರಿಟಿಷ್ ಸೇನೆಯ ಚರಿತ್ರೆಯಲ್ಲಿ ಅಳಿಸಲಾಗದ ಕಳಂಕ. ಗೋಡೆಯ ಬುಡದಲ್ಲಿ ಕಂಡ ಸಾವು ಆ ಕ್ರೌರ್ಯಕ್ಕೆ ಕಾರಣವಿರಬಹುದು, ಸಮರ್ಥನೆಯಂತೂ ಆಗಲಾರದು.

ಮೊದಲು ಹತ್ತುವವನನ್ನು ಹುರಿದುಂಬಿಸಲು ರಾಜ್ಯಗಳು ಬಹುಮಾನ ಇಟ್ಟಿದ್ದವು. ರೋಮಿನಲ್ಲಿ ಶತ್ರುವಿನ ಗೋಡೆಯನ್ನು ಮೊದಲು ಏರಿದವನಿಗೆ ಕೋಟೆಯ ತೆನೆಗಳ ಆಕಾರದ ಚಿನ್ನದ ಕಿರೀಟ. ಕ್ರಿ.ಪೂ. 209ರಲ್ಲಿ ರೋಮನ್ ಸೇನಾಪತಿ ಸ್ಕಿಪಿಯೊ ನ್ಯೂ ಕಾರ್ಥೇಜನ್ನು ಹಿಡಿದಾಗ, ಭೂಮಿಯ ಕಡೆಯ ಎತ್ತರದ ಗೋಡೆಯಲ್ಲಿ ಏಣಿಗಳು ಮುರಿದು ಜನ ತಲೆತಿರುಗಿ ಬೀಳುತ್ತಿದ್ದರು. ಅತ್ತ ಎಲ್ಲರ ಗಮನವಿದ್ದಾಗ ಸರೋವರದ ನೀರಿಳಿದ ಕಡೆಯಿಂದ 500 ಜನ ಏಣಿ ಹೊತ್ತು ಹೋಗಿ, ಕಾಯುವವರಿಲ್ಲದ ಗೋಡೆಯನ್ನು ಹತ್ತಿದರು. ಗೆದ್ದ ಮೇಲೆ ಕಿರೀಟಕ್ಕೆ ಇಬ್ಬರು ಹಕ್ಕುದಾರರು: ಕಾಲಾಳುಪಡೆಯ ಕ್ವಿಂಟಸ್ ಟ್ರೆಬೆಲ್ಲಿಯಸ್, ನೌಕಾಪಡೆಯ ಸೆಕ್ಸ್‌ಟಸ್ ಡಿಜಿಟಿಯಸ್. ಎರಡು ಪಡೆಗಳ ನಡುವೆ ಜಗಳ ಹತ್ತುವಂತಾದಾಗ ಸ್ಕಿಪಿಯೊ ಇಬ್ಬರೂ ಒಟ್ಟಿಗೆ ಏರಿದರೆಂದು ತೀರ್ಪು ಕೊಟ್ಟು ಇಬ್ಬರಿಗೂ ಕಿರೀಟ ಕೊಟ್ಟ.

ಫಿರಂಗಿಯ ಕಾಲದಲ್ಲಿ ಕೋಟೆಗಳು ತಗ್ಗಾಗಿ, ದಪ್ಪವಾಗಿ, ಆಳವಾದ ಕಂದಕದೊಳಗೆ ಇಳಿದು ಕೂತವು. ಕಂದಕದೊಳಗಿನ ಗೋಡೆ 30 ಅಡಿಯಿದ್ದರೆ ಏಣಿಯ ಭಯವಿಲ್ಲವೆಂಬುದು ಎಂಜಿನಿಯರುಗಳ ವಾಡಿಕೆಯ ಲೆಕ್ಕ. ಚಾಚಿದ ಬುರುಜುಗಳಿಂದ ಗೋಡೆಯ ಉದ್ದಕ್ಕೂ ಗುಂಡು ಹಾರಿಸಬಹುದಾದ್ದರಿಂದ ಏಣಿಯ ಬುಡದಲ್ಲಿ ಮರೆಯೂ ಉಳಿಯಲಿಲ್ಲ. ಆದರೂ ಏಣಿ ಒಮ್ಮೆಗೇ ಮಾಯವಾಗಲಿಲ್ಲ. 1918ರ ನವೆಂಬರ್ 4ರಂದು, ಮೊದಲ ಮಹಾಯುದ್ಧ ನಿಲ್ಲಲು ಒಂದು ವಾರ ಇದ್ದಾಗ, ಉತ್ತರ ಫ್ರಾನ್ಸಿನ ಲೆ ಕೆನ್ವಾ ಪಟ್ಟಣದಲ್ಲಿ ಜರ್ಮನ್ನರು ಕೋಟೆಗಳ ಎಂಜಿನಿಯರ್ ವೊಬಾನ್ ಬಲಪಡಿಸಿದ್ದ ಹಳೆಯ ಗೋಡೆಗಳೊಳಗೆ ಕೂತಿದ್ದರು. ಒಳಗೆ ಫ್ರೆಂಚ್ ನಾಗರಿಕರಿದ್ದುದರಿಂದ ನ್ಯೂಜಿಲೆಂಡಿನ ಸೇನೆ ಊರಿನ ಮೇಲೆ ಫಿರಂಗಿ ಹಾರಿಸದೆ ಅದನ್ನು ಸುತ್ತುವರಿಯಿತು. ರೈಫಲ್ ಬ್ರಿಗೇಡಿನ ನಾಲ್ಕನೆಯ ಬೆಟಾಲಿಯನ್ನು ಹೊರಗಿನ ಗೋಡೆಗಳನ್ನು ದಾಟಿ ಒಳಗೋಡೆಯ ಬುಡ ಸೇರಿದಾಗ, ಅವರ 9 ಮೀಟರ್ ಏಣಿ ನೆಲದಿಂದ ನೆತ್ತಿಗೆ ಎಟುಕುತ್ತಿರಲಿಲ್ಲ. ಕಂದಕದ ನೀರಿನ ತೂಬಿನ ಬಳಿಯಿದ್ದ ಇಕ್ಕಟ್ಟಾದ ಕಟ್ಟೆಯೊಂದರ ಮೇಲೆ ಊರಿದರೆ ಮಾತ್ರ ಎಟುಕುತ್ತಿತ್ತು. ಕೋವಿಗಳೂ ಮಾರ್ಟರುಗಳೂ ಗೋಡೆಯ ನೆತ್ತಿಯನ್ನು ಬಡಿಯುತ್ತಿರುವಂತೆ ಸೆಕೆಂಡ್ ಲೆಫ್ಟಿನೆಂಟ್ ಲೆಸ್ಲಿ ಆವೆರಿಲ್ ಮೊದಲು ಹತ್ತಿದ, ಬೆಟಾಲಿಯನ್ನು ಒಬ್ಬರ ಹಿಂದೊಬ್ಬರಂತೆ ಅದೇ ಒಂದು ಏಣಿಯಲ್ಲಿ ಹಿಂಬಾಲಿಸಿತು. ಸಂಜೆಯೊಳಗೆ ಊರು ಬಿಡುಗಡೆಯಾಯಿತು.